ಹುಲಿ ಸಾಯದ ಪುಣ್ಯಕೋಟಿ

ಗೋವಿನ ಹಾಡಿನಲ್ಲಿ ಹುಲಿ ಸಾಯುತ್ತದೆ. ಕರುವಿಗೆ ಕಡೆಯ ಸಲ ಹಾಲೂಡಿಸಿ, ಅದನ್ನು ಓರಗೆಯ ಹಸುಗಳ ಕೈಗೊಪ್ಪಿಸಿ, ಆಡಿದ ಮಾತಿನಂತೆ ಕಾಡಿಗೆ ಮರಳಿ ಬಂದು ನಿಂತ ಪುಣ್ಯಕೋಟಿ ಎಂಬ ಹಸುವನ್ನು ಕಂಡ ಕೂಡಲೇ ಅರ್ಬುತನೆಂಬ ಹುಲಿಯ ಹಸಿವು ಇಂಗಿಹೋಗುತ್ತದೆ. ಇಂಥವಳನ್ನು ತಿಂದು ತಾನು ಬದುಕಿ ಯಾವ ಸುಖ ಎನ್ನಿಸಿ ಅದು ಮೇಲಕ್ಕೆ ನೆಗೆದು ಪ್ರಾಣ ಬಿಡುತ್ತದೆ. ಹಾಡು ಕಟ್ಟಿದವರ ಹೆಸರು ಉಳಿದಿಲ್ಲ. ಅವರು ಅಂಜುಕುಳಿ ಕತೆಗಾರರಲ್ಲ ಎಂಬುದು ಮಾತ್ರ ಆ ಕೊನೆಯೊಂದರಿಂದಲೇ ತಿಳಿಯುತ್ತದೆ.

ಈ ಕತೆಯನ್ನು ಮೊಬೈಲು ಹೇಳುವುದನ್ನು ಕಳೆದ ಬೇಸಿಗೆಯಲ್ಲಿ ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು ಹೋಬಳಿಯ ಪರಿಚಿತರ ಮನೆಯಲ್ಲಿ ಕೇಳಿದೆ. ರಜೆಗೆಂದು ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ಕೃತಕ ಬುದ್ಧಿಮತ್ತೆಯ (ಎಐ) ಆ್ಯಪ್ ಒಂದನ್ನು ತೆರೆದು ‘ಪುಣ್ಯಕೋಟಿ ಕತೆ ಹೇಳು’ ಅಂದಳು. ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿ ಕತೆ ಶುರುವಾಯಿತು. ಹಸು ಬಂತು, ಹುಲಿ ಬಂತು, ಕರು ಅತ್ತಿತು, ಹಸು ಮಾತಿಗೆ ತಪ್ಪದೆ ಮರಳಿತು. ಅಲ್ಲಿಗೆ ಹುಲಿಯ ಮನಸ್ಸು ಕರಗಿತು. ಅದು ಹಸುವನ್ನು ಬಿಟ್ಟುಕೊಟ್ಟಿತು. ಅಂದಿನಿಂದ ಕಾಡಿನ ಪ್ರಾಣಿಗಳೆಲ್ಲ ಸ್ನೇಹದಿಂದ ಬಾಳಿದವು. ಕೊನೆಗೊಂದು ಸಾಲು: ನೀತಿ, ಸತ್ಯಕ್ಕೆ ಯಾವಾಗಲೂ ಜಯ. ಪಡಸಾಲೆಯ ಕಂಬಕ್ಕೊರಗಿ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದ ಅಜ್ಜಿ ಕೈ ನಿಲ್ಲಿಸಿ ಕೇಳಿದರು, ‘ಹುಲಿ ಸಾಯ್ನಿಲ್ವಾ ಮಗ?’

‘ಇಲ್ಲ ಅಜ್ಜಿ, ಅದು ಒಳ್ಳೇದಾಯ್ತು.’

‘ಅದ್ಯಾವ ಸೀಮೆ ಕತೆ ಮಗ? ಹಸ ಸಾಯಾಕೇಂತ ನಡ್ಕೊಂಡು ಬಂದದೆ. ಹುಲಿ ಬರೀ ಬಾಯ್ಮಾತ್ನಲ್ಲಿ ಒಳ್ಳೇದಾಗ್ಬುಟ್ರೆ ಆಯ್ತದಾ?’

ಈ ಪ್ರಶ್ನೆಯಷ್ಟು ನೇರವಾಗಿ ಕತೆಯ ನೀತಿಯನ್ನು ಹಿಡಿದದ್ದನ್ನು ನಾನು ಯಾವ ವಿಮರ್ಶೆಯಲ್ಲೂ ಓದಿಲ್ಲ. ಹಸು ತಂದಿರುವುದು ಪ್ರಾಣವನ್ನು. ಎದುರಿಗಿರುವವನು ಅಷ್ಟೇ ತೂಕದ್ದನ್ನು ಇಡಬೇಕು, ಇಲ್ಲದಿದ್ದರೆ ಹಸು ಬಂದದ್ದಕ್ಕೆ ಬೆಲೆಯಿಲ್ಲ. ಸತ್ಯ ಹೇಳಿದವರಿಗೆ ಒಳ್ಳೆಯದಾಗುತ್ತದೆ ಎಂಬುದು ಒಂದು ನೀತಿ. ಸತ್ಯವನ್ನು ಕಣ್ಣಾರೆ ಕಂಡವನು ಆಮೇಲೆ ಮುಂಚಿನಂತೆ ಬದುಕಲಾರ ಎಂಬುದು ಇನ್ನೊಂದು. ಗೋವಿನ ಹಾಡು ಹೇಳುವುದು ಎರಡನೆಯದನ್ನು. ಹಾಡು ಕೇಳುವ ಮಕ್ಕಳು ಕರುವಿಗಾಗಿ ಅಳುತ್ತಾರೆ, ಕೊನೆಗೆ ಹುಲಿಗಾಗಿಯೂ ಅಳುತ್ತಾರೆ. ದುಷ್ಟನೆಂದು ಬೈದುಕೊಂಡಿದ್ದವನಿಗಾಗಿ ಅಳುವುದನ್ನು ಕಲಿಸುವ ಕತೆ ಯಾವ ಭಾಷೆಯಲ್ಲೂ ಸುಲಭವಾಗಿ ಸಿಗುವುದಿಲ್ಲ.

ಹುಲಿಯನ್ನು ಬದುಕಿಸಿದ್ದರಲ್ಲಿ ಮೊಬೈಲೇ ಮೊದಲೇನಲ್ಲ. ಮಕ್ಕಳ ಚಿತ್ರಪುಸ್ತಕಗಳಲ್ಲಿ, ಶಾಲಾ ವಾರ್ಷಿಕೋತ್ಸವದ ನಾಟಕಗಳಲ್ಲಿ ಹುಲಿ ಹಿಂದೆಯೂ ಬದುಕಿದೆ. ಪುಟ್ಟ ಮಕ್ಕಳ ಮುಂದೆ ಆತ್ಮಹತ್ಯೆಯ ದೃಶ್ಯ ಬೇಡವೆಂದು ಮೇಷ್ಟರೊಬ್ಬರು ಅಂದುಕೊಂಡರೆ ಆ ಕಾಳಜಿಯನ್ನು ಸುಮ್ಮನೆ ತಳ್ಳಿಹಾಕಲಾಗದು. ಆದರೆ ಆ ಮೇಷ್ಟರು ಅದೇ ಊರಿನಲ್ಲಿದ್ದರು. ಯಾಕೆ ಸ್ವಾಮಿ ಹೀಗೆ ಮಾಡಿದಿರಿ ಎಂದು ಯಾವ ತಾಯಿಯಾದರೂ ಕೇಳಬಹುದಿತ್ತು. ಹಾಡು ಕಟ್ಟಿದವರ ಹೆಸರು ಅಳಿಸಿಹೋಗಿದ್ದರೂ ಹಾಡುವವರ ಮುಖ ಎದುರಿಗಿತ್ತು. ಜನಪದ ಕತೆ ಹೆಸರಿಲ್ಲದ್ದು ಎನ್ನುವಾಗ ನಾವು ಇದನ್ನು ಮರೆಯುತ್ತೇವೆ. ಅದಕ್ಕೆ ಕರ್ತೃವಿಲ್ಲದಿರಬಹುದು, ಹೇಳುವವರು ಮಾತ್ರ ಯಾವಾಗಲೂ ಇದ್ದರು. ಕೇಳುವವರು ಹೂಂಗುಟ್ಟುತ್ತಿದ್ದರು, ಒಪ್ಪದಿದ್ದರೆ ತಡೆಯುತ್ತಿದ್ದರು.

ನೀತಿಕತೆಗಳ ಚರಿತ್ರೆಯೇ ತಿದ್ದುಪಡಿಗಳ ಚರಿತ್ರೆ. ನಮ್ಮ ಪಂಚತಂತ್ರ 6ನೇ ಶತಮಾನದಲ್ಲಿ ಪರ್ಷಿಯಾಕ್ಕೆ ಹೋಗಿ ಪಹಲವಿ ಭಾಷೆಗೆ ಇಳಿಯಿತು. ಅಲ್ಲಿಂದ 8ನೇ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫ ಎಂಬ ಪಂಡಿತ ಅದನ್ನು ‘ಕಲೀಲ ವ ದಿಮ್ನ’ ಎಂದು ಅರಬ್ಬಿಗೆ ತಂದ. ನಮ್ಮ ಕರಟಕ, ದಮನಕ ಎಂಬ ನರಿಗಳೇ ಅಲ್ಲಿ ಕಲೀಲ, ದಿಮ್ನ. ಮೂಲದಲ್ಲಿ ದಮನಕ ಸಿಂಹಕ್ಕೂ ಎತ್ತಿಗೂ ಜಗಳ ಹಚ್ಚಿ, ಎತ್ತನ್ನು ಕೊಲ್ಲಿಸಿ, ಮಂತ್ರಿಯಾಗಿ ಸುಖವಾಗಿರುತ್ತಾನೆ. ರಾಜನೀತಿಯ ಪಾಠ ಅದು. ಲೋಕ ಹೀಗಿದೆ, ಎಚ್ಚರದಿಂದಿರು ಎನ್ನುತ್ತದೆ. ಅರಬ್ಬಿಯಲ್ಲಿ ಅದರ ಮುಂದೆ ಒಂದು ಇಡೀ ಅಧ್ಯಾಯವೇ ಬಂತು. ದಿಮ್ನನ ವಿಚಾರಣೆ ನಡೆದು, ತಪ್ಪು ಸಾಬೀತಾಗಿ, ಅವನಿಗೆ ಶಿಕ್ಷೆಯಾಗುತ್ತದೆ. ಇದು ಇಬ್ನ್ ಅಲ್ ಮುಕಫ್ಫ ತಾನಾಗಿ ಸೇರಿಸಿದ್ದು ಎಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. ಪಿತೂರಿಗಾರ ಗೆದ್ದು ಕೂರುವುದು ಅವನಿಗೆ ಸಮ್ಮತವಾಗಲಿಲ್ಲ. ಸಂಚುಗಳ ನಡುವೆಯೇ ಬದುಕಿದ್ದ ಆ ಮನುಷ್ಯ ಕೊನೆಗೆ ಆಳುವವರ ಕೋಪಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡ. ಅವನು ಬರೆದ ವಿಚಾರಣೆಯನ್ನು ಅವನ ಬಾಳಿನಿಂದ ಬಿಡಿಸಿ ಓದಲು ನನಗಂತೂ ಆಗುವುದಿಲ್ಲ.

ಕನ್ನಡಕ್ಕೂ ಪಂಚತಂತ್ರ ಬೇಗನೆ ಬಂತು. ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನಲ್ಲಿ ಸಂಧಿವಿಗ್ರಹಿ, ಅಂದರೆ ಯುದ್ಧ-ಸಂಧಿಗಳ ಮಂತ್ರಿ, ಆಗಿದ್ದ ದುರ್ಗಸಿಂಹ 1031ರ ಹೊತ್ತಿಗೆ ಅದನ್ನು ಬರೆದ. ಎಲ್ಲರೂ ಬಲ್ಲ ವಿಷ್ಣುಶರ್ಮನ ಪಾಠವನ್ನು ಬಿಟ್ಟು ವಸುಭಾಗಭಟ್ಟನ ಪಾಠವನ್ನು ಹಿಡಿದ. ಹಾಗೆಂದು ಹೇಳಿಕೊಂಡ ಕೂಡ. ಯಾರ ಕತೆ, ಯಾರಿಂದ ತಂದೆ, ನಾನು ಯಾರು ಎಂಬ ಮೂರನ್ನೂ ಓದುಗನ ಮುಂದಿಟ್ಟು ಕತೆಗೆ ಕೈಹಾಕುವ ಈ ಮರ್ಯಾದೆ ಸಾವಿರ ವರ್ಷ ಹಳೆಯದು.

ಈಗ ಇನ್ನೊಂದು ಬಗೆಯ ತಿದ್ದುಪಡಿಯನ್ನು ನೋಡಿ. 2013ರ ‘ರಾಂಝಣಾ’ ಹಿಂದಿ ಚಿತ್ರದಲ್ಲಿ ನಾಯಕ ಸಾಯುತ್ತಾನೆ. 2025ರ ಆಗಸ್ಟ್‌ನಲ್ಲಿ ಅದರ ತಮಿಳು ರೂಪ ‘ಅಂಬಿಕಾಪತಿ’ ಮತ್ತೆ ತೆರೆಗೆ ಬಂದಾಗ ಕೃತಕ ಬುದ್ಧಿಮತ್ತೆಯಿಂದ ಹೊಸ ಕೊನೆ ತಯಾರಿಸಿ ನಾಯಕನನ್ನು ಬದುಕಿಸಲಾಗಿತ್ತು. ನಿರ್ದೇಶಕ ಆನಂದ್ ಎಲ್. ರೈ, ನಟ ಧನುಷ್ ಇಬ್ಬರೂ ಬಹಿರಂಗವಾಗಿ ವಿರೋಧಿಸಿದರು. ಅಲ್ಲಿ ವಿರೋಧಿಸಲು ನಿರ್ದೇಶಕರಿದ್ದರು, ನಟರಿದ್ದರು. ಅರ್ಬುತನ ಪರವಾಗಿ ನಿಲ್ಲುವವರು ಯಾರು? ಅಕ್ಕಿಹೆಬ್ಬಾಳು ಹೋಬಳಿಯ ಒಂದು ಪಡಸಾಲೆಯಲ್ಲಿ ಒಬ್ಬ ಅಜ್ಜಿ ನಿಂತರು, ಅಷ್ಟೇ.

ಕೇಳುವವರಿಲ್ಲದ ಕತೆ ಇದೊಂದೇ ಅಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ಹೋದವರು ಅಕ್ಕತಂಗಿ ಕೊಳ ನೋಡಿಯೇ ಇರುತ್ತಾರೆ. ಜೋಡಿ ಕೊಳಗಳು, ಒಂದರ ನೀರು ಕುಡಿಯಲು ಚೆನ್ನ, ಇನ್ನೊಂದರದು ಅಲ್ಲ ಎಂಬ ಪ್ರತೀತಿ. ಕತೆಯ ವಿವರ ಹೇಳುವವರಿಂದ ಹೇಳುವವರಿಗೆ ಬದಲಾಗುತ್ತದೆ. ಅದರ ಒಂದು ರೂಪ ಹೀಗಿದೆ. ಇಬ್ಬರು ಸೋದರಿಯರು ಕೊಳ ತೋಡಿಸಲು ಹೊರಟರು. ಅಕ್ಕ ಕಾಸುಕಾಸಿಗೂ ಲೆಕ್ಕ ಬರೆದಿಟ್ಟಳು. ತಂಗಿ ಕೆಲಸದವರಿಗೆ ಲೆಕ್ಕ ನೋಡದೆ ಕೊಟ್ಟಳು. ತಂಗಿಯ ಕೊಳದ ನೀರು ಸಿಹಿಯಾಯಿತು, ಅಕ್ಕನದು ಕೆಟ್ಟಿತು. ಇದು ಬಹಳ ಕಟುವಾದ ಕತೆ. ಅಕ್ಕ ಕದ್ದಿಲ್ಲ, ಮೋಸ ಮಾಡಿಲ್ಲ, ಲೆಕ್ಕ ಇಟ್ಟದ್ದಷ್ಟೇ ಅವಳ ತಪ್ಪು. ಧರ್ಮದ ಕೆಲಸಕ್ಕೆ ಕೈ ಹಾಕಿದವರು ಕೂಲಿಯವನ ಎದುರು ಚೌಕಾಸಿ ಮಾಡಬಾರದು ಎಂದು ಕೆಲಸ ಮಾಡುವ ಜನ ತಮ್ಮ ಕಡೆಯಿಂದ ಹೇಳಿದ ನೀತಿ ಇದು. ಕೊಳ ತೋಡಿದವರ ದನಿ ಅದರಲ್ಲಿದೆ.

ಇದೇ ಕತೆಯನ್ನು ಎಐನಿಂದ ಬರೆಸಿ ನೋಡಿದೆ. ಕೊನೆಯಲ್ಲಿ ಅಕ್ಕನಿಗೆ ತಪ್ಪು ಅರಿವಾಯಿತು, ತಂಗಿ ಕ್ಷಮಿಸಿದಳು, ಎರಡೂ ಕೊಳಗಳ ನೀರು ತಿಳಿಯಾಯಿತು, ಊರವರು ಸೇರಿ ಹಬ್ಬ ಮಾಡಿದರು. ಕೂಲಿಯವರ ಪ್ರಸ್ತಾಪವೇ ಅದರಲ್ಲಿರಲಿಲ್ಲ.

ಇದು ನನ್ನೊಬ್ಬನ ಅನುಭವವಾಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದ ಜಿಲ್ ವಾಕರ್ ರೆಟ್‌ಬರ್ಗ್ ಮತ್ತು ಹರ್ಮನ್ ವಿಗರ್ಸ್ 2025ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಜಿಪಿಟಿ-4ಒ ಮಿನಿ ಎಂಬ ಮಾದರಿಯಿಂದ 236 ದೇಶ, ಪ್ರದೇಶಗಳ ಹೆಸರಿನಲ್ಲಿ ತಲಾ 50ರಂತೆ 11,800 ಕತೆಗಳನ್ನು ಅವರು ಬರೆಸಿದರು. ದೇಶ ಯಾವುದಾದರೂ ಕತೆಯ ಮೂಳೆ ಹೆಚ್ಚುಕಮ್ಮಿ ಒಂದೇ. ಒಂದು ಚಿಕ್ಕ ಊರು; ಅಲ್ಲಿರುವ ಅಥವಾ ಅಲ್ಲಿಗೆ ಮರಳುವ ನಾಯಕ; ಸಣ್ಣದೊಂದು ತೊಡಕು; ಹಳೆಯ ಸಂಪ್ರದಾಯವನ್ನು ನೆನೆದು, ಊರನ್ನು ಸೇರಿಸಿ ಒಂದು ಹಬ್ಬ ನಡೆಸಿದರೆ ಎಲ್ಲ ಸರಿ. ಹೆಸರು, ಊಟ, ಉಡುಗೆಯಲ್ಲಷ್ಟೇ ದೇಶದೇಶಗಳ ವ್ಯತ್ಯಾಸ. ನಿಜವಾದ ಸಂಘರ್ಷ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನಾನು ಓದಿದ ಮೇಲುಕೋಟೆಯ ಹಬ್ಬದ ಬೇರು ಅಲ್ಲಿದೆ. 2024ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನದ ಫಲಿತಾಂಶವೂ ಇದೇ ದಿಕ್ಕಿನದು. ಎಐ ಕೊಟ್ಟ ಹೊಳಹು ಪಡೆದು ಬರೆದವರ ಕತೆಗಳು ಬಿಡಿಬಿಡಿಯಾಗಿ ಓದಿದಾಗ ಹೆಚ್ಚು ಚೆನ್ನಾಗಿದ್ದವು, ಒಟ್ಟಿಗೆ ಇಟ್ಟು ನೋಡಿದಾಗ ಒಂದನ್ನೊಂದು ಹೋಲುತ್ತಿದ್ದವು.

ಹೀಗೇಕೆ ಆಗುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಕಷ್ಟವಲ್ಲ. ಈ ಯಂತ್ರಗಳು ಕಲಿಯುವುದು ಅಂತರ್ಜಾಲದಲ್ಲಿರುವ ಅಪಾರ ಬರಹವನ್ನು ಓದಿ, ಯಾವ ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂಬ ಅಂದಾಜಿನಿಂದ. ಹೆಚ್ಚು ಸಲ ಬಂದದ್ದು ಗಟ್ಟಿಯಾಗುತ್ತದೆ, ಒಮ್ಮೊಮ್ಮೆ ಬಂದದ್ದು ಮಸುಕಾಗುತ್ತದೆ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದವರು 4.37 ಕೋಟಿ. ಅಷ್ಟು ಜನರ ಭಾಷೆಯ ವಿಕಿಪೀಡಿಯದಲ್ಲಿ ಲೇಖನಗಳು 30 ಸಾವಿರದ ಆಸುಪಾಸು; ಇಂಗ್ಲಿಷಿನಲ್ಲಿ 70 ಲಕ್ಷಕ್ಕೂ ಮಿಕ್ಕಿ. ಈ ಅಂತರದಿಂದಾಗಿ ಯಂತ್ರದ ಕನ್ನಡ ಮಾತು ಕನ್ನಡದ್ದೇ ಆದರೂ ಕತೆಯ ನಡೆ ಬೇರೆ ಕಡೆಯದಾಗುತ್ತದೆ. ಪ್ರತಿ ಕತೆಯ ಬುಡದಲ್ಲೂ ‘ನೀತಿ’ ಎಂದು ಅಂಟಿಸುವುದು ಈಸೋಪನ ಕತೆಗಳ ಮುದ್ರಿತ ಪುಸ್ತಕಗಳಿಂದ, ಅದನ್ನು ಅನುಸರಿಸಿದ ಪಠ್ಯಗಳಿಂದ ಬಂದ ರೂಢಿ. ಇದರ ಮೇಲೆ ಇನ್ನೊಂದು ಹಂತದ ತರಬೇತಿಯೂ ಇದೆ. ಮನುಷ್ಯರು ಉತ್ತರಗಳನ್ನು ಓದಿ ಇದು ವಾಸಿ, ಇದು ಬೇಡ ಎಂದು ಅಂಕ ಕೊಟ್ಟು ತಿದ್ದುತ್ತಾರೆ. ಯಾರಿಗೂ ನೋವಾಗದ, ಯಾರನ್ನೂ ಕೆಣಕದ ಉತ್ತರಕ್ಕೆ ಅಂಕ ಹೆಚ್ಚು. ಔಷಧಿಯ ವಿಷಯ ಕೇಳಿದಾಗ ಈ ಎಚ್ಚರ ಬೇಕು. ಕತೆ ಕೇಳಿದಾಗ ಇದೇ ಎಚ್ಚರ ಹುಲಿಯನ್ನು ಬದುಕಿಸುತ್ತದೆ.

ಹಳೆಯ ಕತೆಗಾರರು ನೀತಿಯನ್ನು ಎಲ್ಲಿಡುತ್ತಿದ್ದರು ಎಂಬುದಕ್ಕೆ ಕೃಷ್ಣರಾಜಪೇಟೆಯ ಪಕ್ಕದ ಹೊಸಹೊಳಲು ಸಾಕ್ಷಿ. 13ನೇ ಶತಮಾನದ ಹೊಯ್ಸಳರ ಲಕ್ಷ್ಮೀನಾರಾಯಣ ದೇವಸ್ಥಾನದ ಹೊರಗೋಡೆಯ ಬುಡದಲ್ಲಿ ಆನೆ, ಕುದುರೆ, ಬಳ್ಳಿಗಳ ಸಾಲಿನ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕತೆಗಳು ಗೇಣುದ್ದದ ಗೊಂಬೆಗಳಲ್ಲಿ ಸಾಗುತ್ತವೆ. ಯಾವ ಚಿತ್ರದ ಕೆಳಗೂ ತಾತ್ಪರ್ಯ ಬರೆದಿಲ್ಲ. ಜೊತೆಗೆ ನಡೆಯುವ ಹಿರಿಯರು ತೋರಿಸಿ ಹೇಳಬೇಕು, ಮಗು ಕೇಳಬೇಕು, ಮೂಲೆ ತಿರುಗುವಷ್ಟರಲ್ಲಿ ಜಗಳವೂ ಆಗಬಹುದು. ಸೂಕ್ಷ್ಮ ಕೆತ್ತನೆ ನೋಡಲು ಬರುವವರು ಈ ಸಾಲಿನ ಮುಂದೆ ಒಂದಿಷ್ಟು ಹೆಚ್ಚು ಹೊತ್ತು ಬಗ್ಗಿ ನಿಲ್ಲಬೇಕೆಂದು ನನ್ನ ಆಸೆ.

ಮೇಲುಕೋಟೆಯದೇ ಇನ್ನೊಂದು ಕತೆಯಲ್ಲಿ ನುಣುಪು ಮಾಡುವುದರ ಅಪಾಯ ಇನ್ನೂ ದೊಡ್ಡದು. ರಾಮಾನುಜಾಚಾರ್ಯರು ಇಲ್ಲಿದ್ದಾಗ ಚೆಲುವನಾರಾಯಣನ ಉತ್ಸವಮೂರ್ತಿ ದಿಲ್ಲಿಯ ಅರಮನೆ ಸೇರಿತ್ತಂತೆ. ಅವರು ಹೋಗಿ ಕರೆದಾಗ ಅದು ಮಗುವಿನಂತೆ ಬಂದು ಮಡಿಲೇರಿತು. ಅದನ್ನು ಆಟದ ಗೊಂಬೆಯಾಗಿ ಹಚ್ಚಿಕೊಂಡಿದ್ದ ಸುಲ್ತಾನನ ಮಗಳು ಅಗಲಿರಲಾರದೆ ಹಿಂದೆಯೇ ಬಂದು ಸ್ವಾಮಿಯಲ್ಲಿ ಸೇರಿಹೋದಳು. ಅವಳೇ ಬೀಬಿ ನಾಚ್ಚಿಯಾರ್; ಸ್ವಾಮಿಯ ಪಾದದ ಬಳಿ ಅವಳಿಗೆ ಇಂದಿಗೂ ಜಾಗವಿದೆ. ಮೂರ್ತಿಯನ್ನು ತರುವ ದಾರಿಯಲ್ಲಿ ಕಾಪಾಡಿದವರು ಅಸ್ಪೃಶ್ಯರೆನಿಸಿಕೊಂಡಿದ್ದ ಜನ. ಅವರನ್ನು ರಾಮಾನುಜರು ತಿರುಕುಲದವರೆಂದು ಕರೆದು ವರ್ಷದ ಕೆಲವು ದಿನ ದೇವಸ್ಥಾನದೊಳಗೆ ಬರುವ ಹಕ್ಕು ಕೊಟ್ಟರು ಎಂದು ಪರಂಪರೆ ಹೇಳುತ್ತದೆ.

ಇದು ಪ್ರೇಮದ, ಸೌಹಾರ್ದದ ಕತೆ ಹೌದು. ಅಷ್ಟಕ್ಕೇ ಮುಗಿಯುವುದಿಲ್ಲ. ದೇಶದ ಬಹುತೇಕ ಗುಡಿಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಒಂದು ಸಮುದಾಯ ತನ್ನ ಪಾಲಿನ ಬಾಗಿಲು ಎಲ್ಲಿ ತೆರೆದಿದೆ ಎಂದು ನೆನಪಿಟ್ಟುಕೊಂಡದ್ದು ಈ ಕತೆಯ ಮೂಲಕ. ಕೆಲವೇ ದಿನ ಯಾಕೆ, ಉಳಿದ ದಿನ ಯಾಕಿಲ್ಲ ಎಂಬ ಪ್ರಶ್ನೆಯೂ ಅದರೊಳಗೇ ಕೂತಿದೆ. ಒಂದು ಕಡೆಯವರ ಬಾಯಲ್ಲಿ ಇದು ಆಚಾರ್ಯರ ಕರುಣೆಯ ಕತೆ, ಇನ್ನೊಂದು ಕಡೆಯವರ ಬಾಯಲ್ಲಿ ತಮ್ಮ ಹಿರಿಯರ ಸಾಹಸದ ಕತೆ. ಎಲ್ಲ ಹೇಳಿಕೆಗಳನ್ನೂ ಕಲಸಿ ‘ಭಕ್ತಿಗೆ ಭೇದವಿಲ್ಲ’ ಎಂಬ ಒಂದು ಸಾಲಿಗೆ ಇಳಿಸಿದರೆ ಕೇಳಲು ಹಿತವಾಗಿರುತ್ತದೆ, ಹಕ್ಕು ಮಾತ್ರ ಸದ್ದಿಲ್ಲದೆ ಬಿದ್ದುಹೋಗುತ್ತದೆ. ನನಗೆ ಭಯವಿರುವುದು ಇಲ್ಲಿಯೇ. ಕತೆ ಬದಲಾಗುವುದಕ್ಕಲ್ಲ, ಯಾರ ಪಾಲಿನದು ಬಿಟ್ಟುಹೋಯಿತು ಎಂದು ಕೇಳಲು ಎದುರಿಗೆ ಯಾರೂ ಇಲ್ಲದಿರುವುದಕ್ಕೆ.

ತೊಗಲುಗೊಂಬೆಯಾಟದ ಕಿಳ್ಳೇಕ್ಯಾತ, ಬಂಗಾರಕ್ಕರ ಗತಿಯನ್ನೂ ನೆನೆಯಬೇಕು. ರಾಮಾಯಣದ ನಡುವೆ ನುಗ್ಗಿ, ಪೋಲಿ ಮಾತಾಡಿ, ಊರ ಯಜಮಾನನನ್ನೂ ಬಿಡದೆ ಕಾಲೆಳೆಯುವ ಜೋಡಿ ಅದು. ಕೊಪ್ಪಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಾಡೆಲ್ಲ ಹೆಮ್ಮೆಪಟ್ಟಿತು. ಅವರ ಆಟದ ಆ ಒರಟು ನಗೆಯನ್ನು ಯಾವ ಆ್ಯಪೂ ತನ್ನ ಬಾಯಲ್ಲಿ ಆಡಲಾರದು.

ಹಾಗೆಂದು ಯಂತ್ರವೆಂದರೆ ಜನಪದಕ್ಕೆ ಮಾರಕ ಎಂದು ನಾನು ಹೇಳುತ್ತಿಲ್ಲ. ನಾಗಮಂಗಲ ತಾಲ್ಲೂಕಿನ ಮಣ್ಣೇ ಬೇರೆ ಮಾತು ಹೇಳುತ್ತದೆ. ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿ ದುಡಿದು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಹಾಡು, ಕತೆ, ಕುಣಿತಗಳನ್ನು ಟೇಪಿನಲ್ಲಿ, ವಿಡಿಯೊದಲ್ಲಿ ಹಿಡಿದಿಟ್ಟರು. ಟೇಪ್ ರೆಕಾರ್ಡರ್ ಕೂಡ ಯಂತ್ರವೇ. ಅದೇ ತಾಲ್ಲೂಕಿನ ಅಂಬಲಜೀರಹಳ್ಳಿಯ ಜೀ.ಶಂ. ಪರಮಶಿವಯ್ಯನವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಜಾನಪದವನ್ನು ಶಾಸ್ತ್ರವಾಗಿ ನಿಲ್ಲಿಸಿದವರಲ್ಲಿ ಒಬ್ಬರು. ಒಂದೇ ತಾಲ್ಲೂಕು ಇಂಥ ಇಬ್ಬರನ್ನು ಕೊಟ್ಟಿತು ಎಂಬುದನ್ನು ಮಂಡ್ಯದವರು ಇನ್ನೂ ಸಾಕಷ್ಟು ಹೇಳಿಕೊಂಡಿಲ್ಲ.

ಆ ತಲೆಮಾರು ಕಲಿಸಿದ ದೊಡ್ಡ ಶಿಸ್ತೊಂದಿದೆ. ಹಾಡಿದವರು ಯಾರು, ಯಾವ ಊರಿನವರು ಎಂಬುದನ್ನು ಹಾಡಿನ ಜೊತೆಗೇ ಬರೆದಿಡುವುದು. ಒಪ್ಪಿತ ಕತೆಗಿಂತ ಬೇರೆಯಾದದ್ದು ಸಿಕ್ಕರೆ ತಿದ್ದದೆ ಇಟ್ಟುಕೊಳ್ಳುವುದು. 1973ರಲ್ಲಿ ಮೈಸೂರಿನಲ್ಲಿ ರಾಮೇಗೌಡ, ಪಿ.ಕೆ. ರಾಜಶೇಖರ ಮತ್ತು ಎಸ್. ಬಸವಯ್ಯ ಪ್ರಕಟಿಸಿದ ‘ಜನಪದ ರಾಮಾಯಣ’ದಲ್ಲಿ ಒಂದು ಪ್ರಸಂಗವಿದೆ. ಮಕ್ಕಳಿಲ್ಲದ ರಾವಣನಿಗೆ ಜೋಗಿಯಿಂದ ಮಾವಿನಹಣ್ಣು ಸಿಗುತ್ತದೆ. ತಿರುಳನ್ನು ಹೆಂಡತಿಗೆ ಕೊಟ್ಟು ವಾಟೆಯನ್ನು ತಾನು ಚೀಪಬೇಕೆಂಬುದು ಕರಾರು. ಆಸೆ ತಡೆಯದೆ ತಿರುಳನ್ನು ತಾನೇ ತಿನ್ನುತ್ತಾನೆ. ಬಸಿರು ಅವನಿಗೇ ನಿಲ್ಲುತ್ತದೆ. ದಿನಕ್ಕೊಂದು ತಿಂಗಳಿನಂತೆ ಒಂಬತ್ತು ದಿನ ನರಳಿ, ಕೊನೆಗೆ ಸೀನಿದಾಗ ಸೀತೆ ಹುಟ್ಟುತ್ತಾಳೆ. ಹೆಂಡತಿಯ ಪಾಲನ್ನು ನುಂಗಿದ ಗಂಡಸು ಹೆರಿಗೆಯ ನೋವನ್ನೂ ನುಂಗಲಿ ಎನ್ನುವ ಈ ನೀತಿಯನ್ನು ಹೇಳಲು ಎಷ್ಟು ಧೈರ್ಯ ಬೇಕು! ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ.ಕೆ. ರಾಮಾನುಜನ್ ಇದನ್ನು ‘ಮುನ್ನೂರು ರಾಮಾಯಣಗಳು’ ಕುರಿತ ತಮ್ಮ ಇಂಗ್ಲಿಷ್ ಪ್ರಬಂಧದಲ್ಲಿ ಜಗತ್ತಿಗೆ ತೋರಿಸಿದರು. ಆ ಪ್ರಬಂಧವನ್ನು 2011ರಲ್ಲಿ ದಿಲ್ಲಿ ವಿಶ್ವವಿದ್ಯಾಲಯದ ಪಠ್ಯದಿಂದ ತೆಗೆದರು. ಕತೆಯನ್ನು ಒಂದೇ ಮಾಡಬೇಕೆಂಬ ಹಟ ಮನುಷ್ಯರಲ್ಲೂ ಕಡಿಮೆಯಿಲ್ಲ. 2025ರ ಅಕ್ಟೋಬರ್‌ನಿಂದ ಇಡೀ ಮಹಾಭಾರತವೇ ಎಐ ಚಿತ್ರಗಳಲ್ಲಿ ಓಟಿಟಿ ಸರಣಿಯಾಗಿ ಬರತೊಡಗಿತು. ಜನಪದ ಗಾಯಕರಾದ ತಂಬೂರಿಯವರು, ನೀಲಗಾರರು ಹಾಡುವ ಪಾಠಗಳಿಗೆ ಅಂಥ ಕಡೆ ಜಾಗ ಸಿಗಬೇಕಾದರೆ ಅವು ಮೊದಲು ಯಂತ್ರಕ್ಕೆ ಸಿಗುವ ರೂಪದಲ್ಲಿ ಇರಬೇಕಾಗುತ್ತದೆ.

ಆ ಕೆಲಸದ ಹತ್ಯಾರುಗಳು ಬಂದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನಿಂದ 2022ರಲ್ಲಿ ‘ವಾಣಿ’ ಯೋಜನೆ ಆರಂಭಿಸಿತು. ದೇಶದ 773 ಜಿಲ್ಲೆಗಳಿಂದ ಒಂದೂವರೆ ಲಕ್ಷ ಗಂಟೆಗೂ ಮೀರಿದ ಮಾತನ್ನು ಸಂಗ್ರಹಿಸುವುದು ಅದರ ಗುರಿ. ಜನರಿಗೆ ಚಿತ್ರ ತೋರಿಸಿ, ಕಂಡದ್ದನ್ನು ತಮ್ಮ ಮಾತಿನಲ್ಲೇ ಹೇಳಿ ಎನ್ನುತ್ತಾರೆ. ಬೆಂಗಳೂರಿನದೇ ‘ಕಾರ್ಯ’ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳ ಹೆಂಗಸರಿಂದ ಕನ್ನಡದ ಮಾತನ್ನು ಫೋನಿನಲ್ಲಿ ಓದಿಸಿಕೊಂಡು 2023ರಲ್ಲಿ ಗಂಟೆಗೆ ಸುಮಾರು 5 ಡಾಲರ್ ಕೊಡುತ್ತಿತ್ತು. ಅದೇ ಧ್ವನಿ ಮತ್ತೆ ಮಾರಾಟವಾದರೆ ಪಾಲು ಕೊಡುವ ಪದ್ಧತಿಯನ್ನೂ ಇಟ್ಟುಕೊಂಡಿತ್ತು. ಕೇಂದ್ರ ಸರ್ಕಾರದ ‘ಭಾಷಿಣಿ’, ಮದ್ರಾಸ್ ಐಐಟಿಯ ‘ಎಐ4ಭಾರತ್’ ಅನುವಾದ ಮತ್ತು ಧ್ವನಿ ಗುರುತಿಸುವ ಕೆಲಸವನ್ನು ಮುಂದುವರಿಸಿವೆ. ಇವುಗಳಿಂದ ಯಂತ್ರಕ್ಕೆ ಮಂಡ್ಯ ಸೀಮೆಯ ಮಾತಿನ ರಾಗ ತಿಳಿಯಬಹುದು. ಕತೆ ತಿಳಿಯಬೇಕಾದರೆ ಕತೆಯನ್ನೇ ಕೊಡಬೇಕು, ಹೇಳುವವರ ಒಪ್ಪಿಗೆ ಪಡೆದು, ಹೆಸರಿನೊಂದಿಗೆ ಕೊಡಬೇಕು. ಅವರ ಪಾಲಿನ ದುಡ್ಡೂ ಅವರಿಗೆ ಸಲ್ಲಬೇಕು.

ಹಾಗೆ ಆದರೆ ಸಿಗುವ ಲಾಭ ಸಣ್ಣದಲ್ಲ. ಅಮೆರಿಕದಲ್ಲೋ ಸಿಂಗಪುರದಲ್ಲೋ ಹುಟ್ಟಿದ ಕನ್ನಡದ ಮಗುವಿಗೆ ಕಿಕ್ಕೇರಿಯ ಅಜ್ಜಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಕತೆ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ಅದನ್ನು ಬರಹಕ್ಕಿಳಿಸಿ, ಕಷ್ಟದ ಮಾತನ್ನು ಬಿಡಿಸಿ, ಅಜ್ಜಿಯ ಧ್ವನಿಯನ್ನು ಹಾಗೆಯೇ ಉಳಿಸಿಕೊಡುವ ಕೆಲಸ ಯಂತ್ರ ಇಂದೇ ಮಾಡಬಲ್ಲದು. ಅದರ ಕತೆಯನ್ನು ಮಗು ಕೇಳುವುದಕ್ಕಿಂತ, ಮಗು ಅಜ್ಜಿಯ ಕತೆ ಕೇಳಲು ಅದು ನೆರವಾಗುವುದು ನನಗೆ ಎಷ್ಟೋ ಮೇಲಾಗಿ ಕಾಣುತ್ತದೆ.

ಶಾಲೆಗಳಲ್ಲಿ ಎಐ ಬಳಸಬಾರದು ಎಂದು ಹೇಳಿ ಪ್ರಯೋಜನವಿಲ್ಲ. ಮಕ್ಕಳು ಆಗಲೇ ಬಳಸುತ್ತಿದ್ದಾರೆ. ಏಳನೇ ತರಗತಿಯ ಕನ್ನಡ ಮೇಷ್ಟರು ಒಂದು ದಿನ ಮೂರು ಪುಣ್ಯಕೋಟಿಗಳನ್ನು ಪಕ್ಕಪಕ್ಕ ಇಡಲಿ: ಹಾಡಿನದು, ಮೊಬೈಲಿನದು, ಮಕ್ಕಳು ಮನೆಯಲ್ಲಿ ಕೇಳಿ ಬರೆದುಕೊಂಡು ಬಂದದ್ದು. ಹುಲಿ ಎಲ್ಲಿ ಸತ್ತಿತು, ಎಲ್ಲಿ ಬದುಕಿತು, ಯಾಕೆ ಎಂದು ಮಕ್ಕಳೇ ವಾದ ಮಾಡಲಿ. ಬದುಕಿದ್ದೇ ಸರಿ ಎಂದು ಒಬ್ಬ ಹುಡುಗ ನಿಂತರೆ ನಿಲ್ಲಲಿ. ಅವನು ಕಾರಣ ಕೊಡುತ್ತಾನೆ, ಅವನಿಗೊಂದು ಹೆಸರಿರುತ್ತದೆ, ಪಕ್ಕದ ಬೆಂಚಿನವಳು ಅವನಿಗೆ ಎದುರುತ್ತರ ಕೊಡುತ್ತಾಳೆ.

ಮಂಡ್ಯದಲ್ಲಿ 2024ರ ಡಿಸೆಂಬರ್‌ನಲ್ಲಿ ನಡೆದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಜಾನಪದ ವಿದ್ವಾಂಸ ಗೊ.ರು. ಚನ್ನಬಸಪ್ಪ ಅಧ್ಯಕ್ಷರಾಗಿದ್ದರು. ಆ ಉತ್ಸಾಹ ಜಿಲ್ಲೆಯಲ್ಲಿ ಇನ್ನೂ ಆರಿಲ್ಲ. ಅದನ್ನು ಕತೆ ಕೂಡಿಡುವ ಕೆಲಸಕ್ಕೆ ತಿರುಗಿಸಬಹುದು. ವೈರಮುಡಿ ಉತ್ಸವಕ್ಕೆ ಮೇಲುಕೋಟೆಯಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ಸುತ್ತಲಿನ ತಾಲ್ಲೂಕುಗಳಿಂದ ಬರುವ ಅಜ್ಜ ಅಜ್ಜಿಯರಲ್ಲಿ ಅಕ್ಕತಂಗಿ ಕೊಳದ ಕತೆಯನ್ನು, ಬೀಬಿ ನಾಚ್ಚಿಯಾರಳ ಕತೆಯನ್ನು ತಮ್ಮದೇ ರೀತಿಯಲ್ಲಿ ಬಲ್ಲವರು ಇದ್ದೇ ಇರುತ್ತಾರೆ. ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣದ ಪದವಿ ಕಾಲೇಜುಗಳ ಕನ್ನಡ ವಿಭಾಗಗಳು ಕೊಳದ ಪಕ್ಕದ ಮಂಟಪದಲ್ಲಿ ಒಂದು ಮೇಜು ಹಾಕಿ, ನಾಲ್ಕು ಫೋನು, ಒಂದು ಒಪ್ಪಿಗೆ ಪತ್ರದ ಪುಸ್ತಕ ಇಟ್ಟುಕೊಂಡು ಕೂತರೆ ಸಾಕು. ಹೇಳಿದವರ ಹೆಸರು, ಊರು, ಯಾರಿಂದ ಕೇಳಿದ್ದು ಎಂಬ ಮೂರನ್ನೂ ಮೊದಲು ಬರೆದುಕೊಳ್ಳಬೇಕು. ತಿರುಕುಲದವರ ಕೇರಿಗೆ ಮಾತ್ರ ಮೇಜು ತಾನಾಗಿಯೇ ಹೋಗಬೇಕು, ಅವರನ್ನು ಮಂಟಪಕ್ಕೆ ಕರೆಸಿಕೊಳ್ಳಬಾರದು. ಧ್ವನಿಯ ಒಂದು ಪ್ರತಿ ಕಾಲೇಜಿನಲ್ಲಿ, ಒಂದು ಜಾನಪದ ಲೋಕದಲ್ಲಿ, ಒಂದು ಹೇಳಿದವರ ಮನೆಯಲ್ಲಿ ಇರಲಿ. ಎಐ ಕಂಪನಿಗಳಿಗೆ ಬೇಕಿದ್ದರೆ ಅವರು ಬಂದು ಆ ಪುಸ್ತಕದಲ್ಲಿರುವ ಹೆಸರಿನವರನ್ನು ಕೇಳಿ ಪಡೆಯಲಿ.